ಐರ್ಲೆಂಡ್: ದಕ್ಕಿದ ನಾಡು, ಜಾರಿದ ನುಡಿ

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಪರಿಷ್ಕೃತ ಪಾಠ)



ಮುಂಬಯಿಯ ಕನ್ನಡ ಸಂಘವೊಂದರಲ್ಲಿ ಐರ್ಲೆಂಡಿನ ರಾಷ್ಟ್ರೀಯತೆಯ ಮಾತೇಕೆ ಎಂದು ಕಾರ್ಯಕಾರಿ ಸಮಿತಿಯ ಸದಸ್ಯರೊಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರವನ್ನು ಶ್ರೀರಂಗಪಟ್ಟಣದಿಂದಲೇ ಆರಂಭಿಸುತ್ತೇನೆ.

1792ರಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯವನ್ನು ಕಿತ್ತುಕೊಂಡು, ಅವನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಕಾರ್ನ್‌ವಾಲಿಸನನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದೇ ಮನುಷ್ಯ ಆರು ವರ್ಷಗಳ ತರುವಾಯ, 1798ರ ಜೂನ್ ತಿಂಗಳಲ್ಲಿ, ಡಬ್ಲಿನ್ನಿಗೆ ವೈಸರಾಯನಾಗಿ ಹೋದನೆಂಬುದು ನಮ್ಮ ಪಠ್ಯಗಳಲ್ಲಿ ಇರಲಿಲ್ಲ. ಅಲ್ಲಿ ಆಗ ದಂಗೆ ಎದ್ದಿತ್ತು. ಕೆಥೊಲಿಕರನ್ನೂ ಪ್ರೊಟೆಸ್ಟೆಂಟರನ್ನೂ ಒಂದುಗೂಡಿಸಿ ಗಣರಾಜ್ಯ ಕಟ್ಟಬೇಕೆಂದು 1791ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ 'ಯುನೈಟೆಡ್ ಐರಿಷ್‌ಮೆನ್' ಸಂಘಟನೆ, ಫ್ರಾನ್ಸಿನ ನೆರವನ್ನು ನಂಬಿ ಕತ್ತಿ ಹಿಡಿದಿತ್ತು. ಟಿಪ್ಪುವೂ ಅದೇ ಫ್ರಾನ್ಸಿನ ದಾರಿ ಕಾಯುತ್ತಿದ್ದ. ನೆಪೋಲಿಯನ್ ಇತ್ತ ಮೈಸೂರಿಗೂ ಬರಲಿಲ್ಲ, ಅತ್ತ ಐರ್ಲೆಂಡಿಗೂ ಹೋಗಲಿಲ್ಲ, ಈಜಿಪ್ಟಿಗೆ ಹೋದ. ಐರ್ಲೆಂಡಿನ ಪಾಲಿಗೆ ಬಂದದ್ದು ಸುಮಾರು ಒಂದು ಸಾವಿರ ಫ್ರೆಂಚ್ ಸೈನಿಕರ ತುಕಡಿ, ಅದೂ ತಡವಾಗಿ. ದಂಗೆ ಅಡಗಿತು. 1799ರ ಮೇ 4ರಂದು ಶ್ರೀರಂಗಪಟ್ಟಣವೂ ಬಿತ್ತು. ಕಾರ್ನ್‌ವಾಲಿಸ್ ಡಬ್ಲಿನ್ನಿನಲ್ಲಿದ್ದುಕೊಂಡು ಪದವಿ ಹಂಚಿ, ಹಣ ಹಂಚಿ, ಐರಿಷ್ ಸಂಸತ್ತು ತನ್ನನ್ನು ತಾನೇ ವಿಸರ್ಜಿಸಿಕೊಳ್ಳುವಂತೆ ಮಾಡಿದ. 1801ರ ಜನವರಿ 1ರಿಂದ ಐರ್ಲೆಂಡ್ ಬ್ರಿಟನ್ನಿನ ಭಾಗವಾಯಿತು.

ಇನ್ನೊಂದು ಮುಖವನ್ನೂ ಮರೆಯಬಾರದು. ಶ್ರೀರಂಗಪಟ್ಟಣವನ್ನು ಕೆಡವಿದ ಗವರ್ನರ್ ಜನರಲ್ ರಿಚರ್ಡ್ ವೆಲೆಸ್ಲಿ ಹುಟ್ಟಿದ್ದು ಐರ್ಲೆಂಡಿನ ಮೀಥ್ ಜಿಲ್ಲೆಯಲ್ಲಿ; ಪತನದ ನಂತರ ಆ ಊರಿನ ಆಡಳಿತ ವಹಿಸಿಕೊಂಡ ಅವನ ತಮ್ಮ ಆರ್ಥರ್, ಮುಂದೆ ವೆಲಿಂಗ್ಟನ್ ಡ್ಯೂಕನಾದವನು, ಡಬ್ಲಿನ್ನಿನವನು. ಮೈಸೂರಿನ ಗೆಲುವಿಗಾಗಿ ರಿಚರ್ಡನಿಗೆ ಸಿಕ್ಕಿದ ಬಿರುದು ಇಂಗ್ಲೆಂಡಿನದಲ್ಲ, ಐರ್ಲೆಂಡಿನದು. ಅದನ್ನು ಅವನು ಗಿಲೀಟು ಹಚ್ಚಿದ ಆಲೂಗೆಡ್ಡೆ ಎಂದು ಹೀಗಳೆದನಂತೆ. ಐರ್ಲೆಂಡಿನಲ್ಲಿ ಹುಟ್ಟಿಯೂ ಅದನ್ನು ತನ್ನದೆನ್ನಲು ನಾಚುವ ಒಂದು ವರ್ಗ ಅಲ್ಲಿತ್ತು. ಪ್ರೊಟೆಸ್ಟೆಂಟ್ ಜಮೀನ್ದಾರರ ಆ ವರ್ಗದ ಕೈಯಲ್ಲಿ ನೆಲವಿತ್ತು. ಉಳಿದ ಐರಿಷರಲ್ಲಿಯೂ ಸಾವಿರಾರು ಜನ ಹೊಟ್ಟೆಪಾಡಿಗಾಗಿ ಕಂಪೆನಿಯ ಸೈನ್ಯ ಸೇರಿ ಇಲ್ಲಿಗೆ ಬಂದರು. ಆದ್ದರಿಂದ ಐರಿಷರನ್ನು ಸಾಮ್ರಾಜ್ಯದ ಬಲಿಪಶುಗಳೆಂದು ಮಾತ್ರ ನೋಡುವುದು ಅರ್ಧಸತ್ಯ. ಜಲಿಯನ್‌ವಾಲಾಬಾಗ್ ಹತ್ಯಾಕಾಂಡವನ್ನು ಸಮರ್ಥಿಸಿಕೊಂಡ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕೇಲ್ ಓಡ್ವಾಯರ್ ಟಿಪರರಿಯ ಐರಿಷ್ ಕೆಥೊಲಿಕ. ಆ ಮರುವರ್ಷವೇ, 1920ರಲ್ಲಿ, ಅದೇ ಪಂಜಾಬಿನ ಜಲಂಧರಿನಲ್ಲಿಯೂ ಸೋಲನ್‌ನಲ್ಲಿಯೂ ಕನಾಟ್ ರೇಂಜರ್ಸ್ ಪಡೆಯ ಐರಿಷ್ ಸಿಪಾಯಿಗಳು, ತಮ್ಮ ನಾಡಿನಲ್ಲಿ ಬ್ರಿಟಿಷರು ನಡೆಸುತ್ತಿದ್ದ ದಬ್ಬಾಳಿಕೆಯ ಸುದ್ದಿ ಕೇಳಿ ಬಂದೂಕು ಕೆಳಗಿಟ್ಟರು. ಅವರ ಮುಂದಾಳುಗಳಲ್ಲೊಬ್ಬನಾದ ಜೇಮ್ಸ್ ಡೇಲಿಯನ್ನು ನವೆಂಬರ್ 2ರಂದು ದಗ್‌ಶಾಯಿಯಲ್ಲಿ ಗುಂಡಿಟ್ಟು ಕೊಂದರು. ಓಡ್ವಾಯರನೂ ಐರಿಷನೇ, ಡೇಲಿಯೂ ಐರಿಷನೇ.

ಈಗ ನುಡಿಯ ವಿಷಯಕ್ಕೆ ಬರುತ್ತೇನೆ. ನನ್ನ ಮನಸ್ಸನ್ನು ಬಹುಕಾಲದಿಂದ ಕಾಡುತ್ತಿರುವುದು ಅದೇ.

1366ರಲ್ಲಿ ಕಿಲ್ಕೆನಿ ಎಂಬ ಊರಿನಲ್ಲಿ ಇಂಗ್ಲಿಷ್ ಪ್ರಭುತ್ವ ಕೆಲವು ಶಾಸನಗಳನ್ನು ಮಾಡಿತು. ಇಂಗ್ಲೆಂಡಿನಿಂದ ಹೋಗಿ ಐರ್ಲೆಂಡಿನಲ್ಲಿ ನೆಲೆಸಿದವರು ಐರಿಷ್ ಭಾಷೆ ಆಡಕೂಡದು, ಐರಿಷ್ ಹೆಸರಿಟ್ಟುಕೊಳ್ಳಕೂಡದು, ಐರಿಷರೊಡನೆ ಮದುವೆಯ ಸಂಬಂಧ ಬೆಳೆಸಕೂಡದು. ಅಂದರೆ ಅಂದು ಹೊರಗಿನಿಂದ ಬಂದವರೇ ಸ್ಥಳೀಯರ ನುಡಿಗೆ ಒಲಿದಿದ್ದರು. ಒಲಿಯದಂತೆ ತಡೆಯಲು ಕಾಯಿದೆ ಬೇಕಾಯಿತು. ಆ ಕಾಯಿದೆಯಾದರೂ ಇಂಗ್ಲಿಷಿನಲ್ಲಿರಲಿಲ್ಲ, ನಾರ್ಮನ್ ಫ್ರೆಂಚಿನಲ್ಲಿತ್ತು! ಅಷ್ಟು ಗಟ್ಟಿಯಾಗಿದ್ದ ಭಾಷೆ ಐನೂರು ವರ್ಷಗಳಲ್ಲಿ ಏನಾಯಿತು?

ಹದಿನೇಳನೆಯ ಶತಮಾನದಲ್ಲಿ ಅಲ್‌ಸ್ಟರ್ ಪ್ರಾಂತಕ್ಕೆ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನಿಂದ ಪ್ರೊಟೆಸ್ಟೆಂಟ್ ಒಕ್ಕಲುಗಳನ್ನು ತಂದು ನೆಲೆಗೊಳಿಸಿದ್ದು, ಕ್ರಾಮ್‌ವೆಲ್ಲನ ದಂಡಯಾತ್ರೆ, ಕೆಥೊಲಿಕರಿಗೆ ಭೂಮಿಯನ್ನೂ ಅಧಿಕಾರವನ್ನೂ ನಿರಾಕರಿಸಿದ ಕಾನೂನುಗಳು, ಇವುಗಳಿಂದ ಐರಿಷ್ ಆಡುವ ಶ್ರೀಮಂತ ಕುಲಗಳು ನಾಶವಾದವು. ನುಡಿ ಬಡವರ ಪಾಲಿಗೆ ಉಳಿಯಿತು. 1737ರ ಒಂದು ಕಾಯಿದೆ ನ್ಯಾಯಾಲಯಗಳಲ್ಲಿ ಇಂಗ್ಲಿಷನ್ನು ಬಿಟ್ಟು ಬೇರೆ ಭಾಷೆ ಬಳಸಿದವರಿಗೆ ದಂಡ ವಿಧಿಸಿತು. ಇಷ್ಟಾದರೂ ಭಾಷೆ ಸತ್ತಿರಲಿಲ್ಲ. ಅದರ ಬೆನ್ನುಮೂಳೆ ಮುರಿದದ್ದು 1845ರಲ್ಲಿ ಆರಂಭವಾದ ಕ್ಷಾಮ.

ಬಡ ರೈತನ ಏಕೈಕ ಆಹಾರವಾಗಿದ್ದ ಆಲೂಗೆಡ್ಡೆ ಬೂಷ್ಟು ರೋಗಕ್ಕೆ ತುತ್ತಾಗಿ ಹೊಲದಲ್ಲಿಯೇ ಕೊಳೆಯಿತು. ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಜ್ವರದಿಂದಲೂ ಸತ್ತರು. ಅದಕ್ಕೂ ಮಿಕ್ಕ ಜನ ಹಡಗು ಹತ್ತಿದರು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷಕ್ಕೆ ಇಳಿದಿತ್ತು. ರೋಗ ಪ್ರಕೃತಿಯದು, ಸರಿ. ಆದರೆ ಆ ವರ್ಷಗಳಲ್ಲಿಯೂ ಧಾನ್ಯ, ಬೆಣ್ಣೆ, ದನಗಳು ಇಂಗ್ಲೆಂಡಿಗೆ ರಫ್ತಾಗುವುದು ನಿಲ್ಲಲಿಲ್ಲ. ಕಾಲು ಎಕರೆಗಿಂತ ಹೆಚ್ಚು ನೆಲವಿದ್ದವನು ಅದನ್ನು ಬಿಟ್ಟುಕೊಟ್ಟ ಹೊರತು ಪರಿಹಾರಕ್ಕೆ ಅರ್ಹನಲ್ಲವೆಂದು 1847ರಲ್ಲಿ ನಿಯಮ ಮಾಡಿದರು. ಅನ್ನ ಬೇಕೆ, ಹೊಲ ಬಿಡು. ಲಂಡನ್ನಿನ ಖಜಾನೆಯಲ್ಲಿ ಕುಳಿತು ಈ ಪರಿಹಾರದ ಬಿಗಿಮುಷ್ಟಿಯನ್ನು ನಡೆಸಿದ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್. ಇವನು ನಮಗೆ ಅಪರಿಚಿತನಲ್ಲ. ಮೆಕಾಲೆಯ ತಂಗಿಯ ಗಂಡ. ಕಲ್ಕತ್ತೆಯಲ್ಲಿದ್ದಾಗ ಭಾರತೀಯರಿಗೆ ಇಂಗ್ಲಿಷ್ ಶಿಕ್ಷಣವೇ ತಕ್ಕದ್ದೆಂದು ವಾದಿಸಿದವನು. 1859ರಲ್ಲಿ ಮದರಾಸಿನ ಗವರ್ನರನಾಗಿ ಬಂದವನು. ಐರ್ಲೆಂಡಿನ ಕ್ಷಾಮದಲ್ಲಿ ಅವನು ದೈವಸಂಕಲ್ಪವನ್ನು ಕಂಡ. 1848ರಲ್ಲಿ ಸರ್ಕಾರ ಅವನಿಗೆ 'ಸರ್' ಪದವಿ ಕೊಟ್ಟಿತು.

ಸತ್ತವರೂ ನಾಡು ಬಿಟ್ಟವರೂ ಬಹುಪಾಲು ಪಶ್ಚಿಮ ಮತ್ತು ದಕ್ಷಿಣ ಸೀಮೆಯ ಬಡವರು, ಐರಿಷ್ ಆಡುವವರು. 1851ರ ಜನಗಣತಿಯಲ್ಲಿ ಐರಿಷ್ ಬಲ್ಲವರು ಸುಮಾರು 15 ಲಕ್ಷ. 1891ರಲ್ಲಿ ಏಳು ಲಕ್ಷಕ್ಕೂ ಕಡಿಮೆ.

ಆದರೆ ಕ್ಷಾಮವೊಂದನ್ನೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. 1831ರಿಂದ ಸರ್ಕಾರ ತೆರೆದ ಶಾಲೆಗಳಲ್ಲಿ ಕಲಿಕೆಯೆಲ್ಲ ಇಂಗ್ಲಿಷಿನಲ್ಲಿ. ಮಗುವಿನ ಕೊರಳಿಗೆ ಒಂದು ಕೋಲನ್ನು ಕಟ್ಟುತ್ತಿದ್ದರು. ಐರಿಷ್ ಮಾತು ಬಾಯಿಂದ ಬಂದಾಗಲೆಲ್ಲ ಅದರ ಮೇಲೊಂದು ಗೀರು, ದಿನದ ಕೊನೆಗೆ ಗೀರುಗಳ ಲೆಕ್ಕದಂತೆ ಏಟು. ಈ ಕೋಲಿನ ಸಂಗತಿಯಲ್ಲಿ ನನ್ನನ್ನು ನಿದ್ದೆಗೆಡಿಸಿದ್ದು ಮೇಷ್ಟರ ಕ್ರೌರ್ಯವಲ್ಲ. ಮನೆಯಲ್ಲಿ ಗೀರು ಹಾಕಿ ಕಳಿಸುತ್ತಿದ್ದವರು ತಂದೆತಾಯಿಗಳು. ಅವರು ದುಷ್ಟರಲ್ಲ. ಲಿವರ್‌ಪೂಲಿಗೋ ಬೋಸ್ಟನ್ನಿಗೋ ಹಡಗು ಹತ್ತಲಿರುವ ಮಗನಿಗೆ ಐರಿಷ್ ಅನ್ನ ಕೊಡುವುದಿಲ್ಲವೆಂದು ಬಲ್ಲವರು. ಕೆಥೊಲಿಕರಿಗೆ 1829ರಲ್ಲಿ ಸಂಸತ್ತಿನ ಬಾಗಿಲು ತೆರೆಯಿಸಿದ ಮಹಾ ನಾಯಕ ಡೇನಿಯಲ್ ಓಕಾನೆಲ್ ಸ್ವತಃ ಐರಿಷ್ ಆಡುವ ಪರಿಸರದಲ್ಲಿ ಬೆಳೆದವರು. ಇಂಗ್ಲಿಷಿನ ಉಪಯೋಗ ದೊಡ್ಡದು, ಐರಿಷ್ ಅಳಿದರೆ ತಾನೇನೂ ಮರುಗುವುದಿಲ್ಲವೆಂಬುದು ಅವರ ನಿಲುವಾಗಿತ್ತು. ರಾಷ್ಟ್ರನಾಯಕನೇ ಹೀಗೆಂದ ಮೇಲೆ ಗೇಣಿ ಕಟ್ಟಲಾಗದ ರೈತನನ್ನು ಯಾವ ಬಾಯಿಂದ ದೂರುವುದು? ನನ್ನ ಮೊಮ್ಮಕ್ಕಳೊಡನೆ ನಾನು ಯಾವ ಭಾಷೆಯಲ್ಲಿ ಮಾತನಾಡುತ್ತೇನೆಂಬುದನ್ನು ಈ ಸಭೆಯಲ್ಲಿರುವ ನೆರೆಹೊರೆಯವರು ಬಲ್ಲರು. ಹಾಗಾಗಿ ನಾನಂತೂ ದೂರಲಾರೆ.

ಸಂಸದೀಯ ಹೋರಾಟದ ಕಥೆಯನ್ನು ಬೇಗ ಮುಗಿಸುತ್ತೇನೆ, ಅದು ನಿಮಗೆ ಗೊತ್ತಿರುವಂಥದು. 1879ರಿಂದ ಡೇವಿಟ್ ಮತ್ತು ಪಾರ್ನೆಲ್ ನಡೆಸಿದ ರೈತ ಚಳವಳಿ ಜಮೀನ್ದಾರಿಕೆಯ ಬುಡವನ್ನು ಅಲುಗಾಡಿಸಿತು. 1880ರಲ್ಲಿ ಮೇಯೋ ಜಿಲ್ಲೆಯ ಜನ ಬಾಯ್ಕಾಟ್ ಎಂಬ ಜಮೀನು ಏಜೆಂಟನ ಜೊತೆ ಮಾತುಕತೆ, ಕೊಡುಕೊಳು ನಿಲ್ಲಿಸಿದರು. ಅವನ ಹೆಸರೇ ಬಹಿಷ್ಕಾರಕ್ಕೆ ಪದವಾಗಿ ನಮ್ಮ ಸ್ವದೇಶಿ ಚಳವಳಿಯವರೆಗೆ ಬಂತು. ಹೋಮ್‌ರೂಲ್ ಮಸೂದೆ 1886ರಲ್ಲಿ ಬಿತ್ತು, 1893ರಲ್ಲಿ ಬಿತ್ತು, 1914ರಲ್ಲಿ ಕಾಯಿದೆಯಾಗಿಯೂ ಮಹಾಯುದ್ಧದ ನೆಪದಲ್ಲಿ ಮೂಲೆ ಸೇರಿತು. ಅಲ್‌ಸ್ಟರಿನ ಪ್ರೊಟೆಸ್ಟೆಂಟರು ಸ್ವಯಮಾಡಳಿತವನ್ನು ತಡೆಯಲು ಅಷ್ಟರಲ್ಲಾಗಲೇ ಬಂದೂಕು ತರಿಸಿಕೊಂಡಿದ್ದರು.

ಇದರ ನಡುವೆ ರಾಜಕೀಯದಿಂದ ದೂರವೆಂದು ಹೇಳಿಕೊಂಡ ಒಂದು ಸಂಸ್ಥೆ ಹುಟ್ಟಿತು. 1893ರ ಗೇಲಿಕ್ ಲೀಗ್. ಅದರ ಮೊದಲ ಅಧ್ಯಕ್ಷ ಡಗ್ಲಸ್ ಹೈಡ್ ಪ್ರೊಟೆಸ್ಟೆಂಟ್ ಪಾದ್ರಿಯೊಬ್ಬರ ಮಗ. ಸುತ್ತಲಿನ ಹಳ್ಳಿಗರಿಂದ ಐರಿಷ್ ಕಲಿತವರು. ರಾತ್ರಿ ತರಗತಿ, ಕುಣಿತ, ಹಾಡು, ಪತ್ರಿಕೆ. ನಮ್ಮ ಸಂಘಗಳ ಕಾರ್ಯಕ್ರಮ ಪಟ್ಟಿಯೇ ಎನ್ನಿ. ಆದರೆ ಆ ತರಗತಿಗಳಲ್ಲಿ ಕುಳಿತ ಯುವಕರು ಹೈಡ್ ಎಣಿಸದ ದಾರಿ ಹಿಡಿದರು. 1915ರಲ್ಲಿ ಲೀಗ್ ರಾಜಕೀಯ ಸ್ವಾತಂತ್ರ್ಯವನ್ನು ತನ್ನ ಗುರಿಯೆಂದು ಒಪ್ಪಿದಾಗ ಹೈಡ್ ಅಧ್ಯಕ್ಷ ಪದವಿ ಬಿಟ್ಟರು. ಮರುವರ್ಷ ಏಪ್ರಿಲ್ 24ರಂದು, ಲೀಗಿನ ಪತ್ರಿಕೆಯ ಸಂಪಾದಕರಾಗಿದ್ದ ಪ್ಯಾಟ್ರಿಕ್ ಪಿಯರ್ಸ್ ಡಬ್ಲಿನ್ನಿನ ಅಂಚೆ ಕಚೇರಿಯ ಮುಂದೆ ನಿಂತು ಗಣರಾಜ್ಯದ ಘೋಷಣೆಯನ್ನು ಓದಿದರು. ಗಮನಿಸಿ, ಶೀರ್ಷಿಕೆಯ ಪದಗಳನ್ನು ಬಿಟ್ಟರೆ ಆ ಘೋಷಣೆ ಇಂಗ್ಲಿಷಿನಲ್ಲಿತ್ತು. ಬೇರೆ ಭಾಷೆಯಲ್ಲಿ ಓದಿದ್ದರೆ ಬೀದಿಯಲ್ಲಿದ್ದವರಿಗೆ ಅರ್ಥವಾಗುತ್ತಿರಲಿಲ್ಲ.

ದಂಗೆ ಆರು ದಿನ ನಡೆಯಿತು. 450ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅರ್ಧಕ್ಕೂ ಮಿಕ್ಕವರು ನಿರಾಯುಧ ನಾಗರಿಕರು. ಜನ ಮೊದಲಿಗೆ ದಂಗೆಕೋರರನ್ನು ಶಪಿಸಿದರು. ಸುಮಾರು ಎರಡು ಲಕ್ಷ ಐರಿಷರು ಮಹಾಯುದ್ಧದಲ್ಲಿ ಬ್ರಿಟಿಷ್ ಸಮವಸ್ತ್ರ ತೊಟ್ಟಿದ್ದರೆಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ. ಬ್ರಿಟಿಷರು ಅಲ್ಲಿಗೇ ಬಿಟ್ಟಿದ್ದರೆ ಇತಿಹಾಸ ಏನಾಗುತ್ತಿತ್ತೋ! ಮೇ 3ರಿಂದ ದಿನಕ್ಕಿಷ್ಟು ಜನರೆಂದು ಮರಣದಂಡನೆ ಆರಂಭವಾಯಿತು. ಗಾಯಗೊಂಡು ನಿಲ್ಲಲಾರದ ಕಾನೊಲಿಯನ್ನು ಕುರ್ಚಿಯಲ್ಲಿ ಕೂರಿಸಿ ಕೊಂದರು. ಜನರ ಮನಸ್ಸು ತಿರುಗಿತು. 1918ರ ಚುನಾವಣೆಯಲ್ಲಿ ಸಿನ್ ಫೇನ್ ಪಕ್ಷ 105ರಲ್ಲಿ 73 ಸ್ಥಾನ ಗೆದ್ದಿತು. ಕಾನೊಲಿ ಹುಟ್ಟಿದ್ದು ಎಡಿನ್‌ಬರೋದಲ್ಲಿ, ಮುಂದಿನ ನಾಯಕ ಡಿ ವೆಲೆರಾ ನ್ಯೂಯಾರ್ಕಿನಲ್ಲಿ ಎಂಬುದನ್ನು ಹೊರನಾಡಿಗರಾದ ನಾವು ಸುಮ್ಮನೆ ಮನಸ್ಸಿನಲ್ಲಿಟ್ಟುಕೊಳ್ಳಬಹುದು.

1921ರ ಡಿಸೆಂಬರ್ ಒಪ್ಪಂದ ಇಪ್ಪತ್ತಾರು ಜಿಲ್ಲೆಗಳಿಗೆ ಸ್ವತಂತ್ರ ಸಂಸ್ಥಾನದ ಸ್ಥಾನ ಕೊಟ್ಟಿತು. ಈಶಾನ್ಯದ ಆರು ಜಿಲ್ಲೆಗಳು ಬ್ರಿಟನ್ನಿನಲ್ಲೇ ಉಳಿದವು. 64-57ರ ಅಂತರದಲ್ಲಿ ಒಪ್ಪಂದ ಅಂಗೀಕಾರವಾದದ್ದೇ ತಡ, ಒಂದೇ ಸೆರೆಮನೆಯಲ್ಲಿದ್ದವರು ಒಬ್ಬರನ್ನೊಬ್ಬರು ಕೊಲ್ಲತೊಡಗಿದರು. ಆ ವಾಗ್ವಾದ ಹೆಚ್ಚಾಗಿ ನಡೆದದ್ದು ದೊರೆಗೆ ಸಲ್ಲಿಸಬೇಕಾದ ಪ್ರಮಾಣವಚನದ ಮೇಲೆ. ನಾಡು ಹೋಳಾದುದರ ಮೇಲೆ ಅಷ್ಟಾಗಿ ಅಲ್ಲ. ನನಗೆ ಇದು ಇಂದಿಗೂ ಬೆರಗಿನ ವಿಷಯ.

ಹೊಸ ಪ್ರಭುತ್ವ ಐರಿಷನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿತು. 1937ರ ಸಂವಿಧಾನ ಅದನ್ನು ಪ್ರಥಮ ಅಧಿಕೃತ ಭಾಷೆಯೆಂದಿತು. (ನಮ್ಮ ಸಂವಿಧಾನದ ನಿರ್ದೇಶಕ ತತ್ತ್ವಗಳು ಬಂದದ್ದೂ ಅಲ್ಲಿಂದಲೇ.) 1938ರಲ್ಲಿ ವೃದ್ಧ ಹೈಡ್ ಮೊದಲ ರಾಷ್ಟ್ರಾಧ್ಯಕ್ಷರಾದರು. ಫಲ? 2022ರ ಜನಗಣತಿಯಲ್ಲಿ ಐರಿಷ್ ಬಲ್ಲೆವೆಂದವರು ಸುಮಾರು 18 ಲಕ್ಷ 74 ಸಾವಿರ, ನೂರಕ್ಕೆ ನಲವತ್ತು. ಶಾಲೆಯ ಹೊರಗೆ ದಿನವೂ ಆಡುವವರು 72 ಸಾವಿರ. ಮೊದಲನೆಯ ಸಂಖ್ಯೆ ಪ್ರಭುತ್ವ ಏನು ಮಾಡಬಲ್ಲದೆಂಬುದಕ್ಕೆ ಸಾಕ್ಷಿ. ಎರಡನೆಯದು ಏನು ಮಾಡಲಾರದೆಂಬುದಕ್ಕೆ.

ಇನ್ನು ಉತ್ತರದ ಆರು ಜಿಲ್ಲೆಗಳು. ಅಲ್ಲಿ ಕೆಥೊಲಿಕರು ಮನೆಗಾಗಿ, ಉದ್ಯೋಗಕ್ಕಾಗಿ, ಸಮಾನ ಮತಕ್ಕಾಗಿ 1968ರಲ್ಲಿ ಬೀದಿಗಿಳಿದರು. 1972ರ ಜನವರಿ 30ರಂದು ಡೆರಿ ನಗರದಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿ ಹದಿಮೂರು ಜನರನ್ನು ಕೊಂದರು. ಸೈನಿಕರದು ತಪ್ಪೆಂದು ಬ್ರಿಟಿಷ್ ಪ್ರಧಾನಿ ಸಂಸತ್ತಿನಲ್ಲಿ ಒಪ್ಪಿ ಕ್ಷಮೆ ಕೇಳಿದ್ದು 2010ರಲ್ಲಿ. ನಡುವಿನ ಮೂರು ದಶಕಗಳಲ್ಲಿ ಐಆರ್‌ಎ, ಪ್ರೊಟೆಸ್ಟೆಂಟ್ ಸಶಸ್ತ್ರ ಗುಂಪುಗಳು, ಸೈನ್ಯ ಈ ಮೂವರ ಕೈಯಲ್ಲಿ ಸುಮಾರು 3,500 ಜೀವಗಳು ಹೋದವು. ಐಆರ್‌ಎ ಮಾರುಕಟ್ಟೆಗಳಲ್ಲಿ ಇಟ್ಟ ಬಾಂಬುಗಳನ್ನು ಯಾವ ಇತಿಹಾಸದ ಅನ್ಯಾಯವೂ ಸಮರ್ಥಿಸಲಾರದೆಂದು ನಾನು ತಿಳಿದಿದ್ದೇನೆ. 1998ರ ಏಪ್ರಿಲ್ 10ರ ಒಪ್ಪಂದ ಬಹುಮಟ್ಟಿಗೆ ಶಾಂತಿ ತಂದಿತು. 2022ರಲ್ಲಿ ಬ್ರಿಟಿಷ್ ಸಂಸತ್ತೇ ಉತ್ತರ ಐರ್ಲೆಂಡಿನಲ್ಲಿ ಐರಿಷ್ ಭಾಷೆಗೆ ಅಧಿಕೃತ ಮನ್ನಣೆ ಕೊಟ್ಟು, ಆ ಹಳೆಯ 1737ರ ಕಾಯಿದೆಯ ರದ್ದತಿಗೂ ವಿಧಿ ಮಾಡಿತು.

ಕಡೆಯದಾಗಿ ಒಂದು ಬೀದಿಯ ಕಥೆ. ಬೆಲ್‌ಫಾಸ್ಟಿನ ಪಶ್ಚಿಮ ಭಾಗದಲ್ಲಿ ಕಾಶ್ಮೀರ್ ರೋಡ್ ಇದೆ, ಅದರ ಬಳಿ ಬಾಂಬೆ ಸ್ಟ್ರೀಟ್ ಇದೆ. ಸಾಮ್ರಾಜ್ಯದ ಕಾಲದ ಹೆಸರುಗಳು. 1969ರ ಆಗಸ್ಟ್ 15ರಂದು ಗಲಭೆಯಲ್ಲಿ ಆ ಬಾಂಬೆ ಸ್ಟ್ರೀಟ್ ಉರಿದುಹೋಯಿತು, ಕೆಥೊಲಿಕ್ ಕುಟುಂಬಗಳು ಬೀದಿಪಾಲಾದವು. ಅದೇ ದಿನಗಳಲ್ಲಿ ನಗರದ ಶಾಸ್ ರೋಡಿನಲ್ಲಿ ಬೆರಳೆಣಿಕೆಯ ದಂಪತಿಗಳು, ಐರಿಷ್ ತಮ್ಮ ತಾಯ್ನುಡಿಯಲ್ಲದಿದ್ದರೂ ಮಕ್ಕಳಿಗಾದರೂ ಅದು ಮನೆಮಾತಾಗಲೆಂದು, ಅಕ್ಕಪಕ್ಕದಲ್ಲಿ ಸ್ವಂತ ಮನೆಗಳನ್ನು ಕಟ್ಟಿಕೊಳ್ಳುತ್ತಿದ್ದರು. ಅವರು ಬಂದು ಸುಟ್ಟ ಬೀದಿಯನ್ನು ಮತ್ತೆ ಕಟ್ಟಲು ಕೈಜೋಡಿಸಿದರು. 1971ರಲ್ಲಿ ಅವರೇ ಒಂಬತ್ತು ಮಕ್ಕಳ ಐರಿಷ್ ಶಾಲೆಯೊಂದನ್ನು ತೆರೆದರು. ಸರ್ಕಾರದ ನೆರವು ಸಿಗಲು 1984ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಮೇಷ್ಟರ ಸಂಬಳವನ್ನು ಮನೆಮನೆ ತಿರುಗಿ ಕೂಡಿಸಿದರು. ಆ ಶಾಲೆ ಇಂದಿಗೂ ನಡೆಯುತ್ತಿದೆ.