ತಪ್ಪಿತು ಪುಸ್ತಕ

ಬೆಳಗ್ಗೆ ಎಂಟಕ್ಕೇ ಬಂದು ಕುರ್ಚಿ ಹಿಡಿದ ಅಪ್ಪ ಅಮ್ಮಂದಿರೇ, ಈ ಸೆಕೆಯಲ್ಲೂ ಗೌನು ತೊಟ್ಟು ಕುಳಿತ ಪದವೀಧರರೇ,

ಪದವಿ ನಿಮ್ಮದು, ಅದರ ಸಾಲ ನಿಮ್ಮ ಮನೆಯವರದು. ಹಾಗಾಗಿ ಚಪ್ಪಾಳೆಯಲ್ಲಿ ಅರ್ಧ ಹಿಂದಿನ ಸಾಲುಗಳಿಗೆ ಹೋಗಲಿ. ಮಿಕ್ಕ ಹೊಗಳಿಕೆಯನ್ನೆಲ್ಲ ನನಗಿಂತ ಮೊದಲು ಮಾತಾಡಿದವರು ಮುಗಿಸಿದ್ದಾರೆ. ನಾನು ಕಾರ್ಖಾನೆಯ ಮನುಷ್ಯ, ಅಲ್ಲಿನ ಮಾತಿಗೇ ಬರುತ್ತೇನೆ.

1986ರಲ್ಲಿ ಬೆಂಗಳೂರಿನ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೀಟ್ ಮೆಟಲ್ ಕಾರ್ಖಾನೆಗೆ ಟ್ರೈನಿಯಾಗಿ ಸೇರಿದೆ. ಅಲ್ಲಿ ನನಗೆ ಮೊದಲು ಬಾಯಿಪಾಠವಾದದ್ದು ಯಾವ ಸೂತ್ರವೂ ಅಲ್ಲ, ಒಂದು ಪಟ್ಟಿ. ಹೆಬ್ಬೆರಳು ಪೂರ್ತಿ ಹೋದರೆ ಶೇಕಡ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರ ಬೆರಳು ಅಥವಾ ಕಿರುಬೆರಳಿಗೆ 7. ಒಬ್ಬ ಕೆಲಸಗಾರನ ದುಡಿಯುವ ಶಕ್ತಿ ಎಷ್ಟು ಕಡಿಮೆಯಾಯಿತು ಎಂದು ಪರಿಹಾರ ಕಾಯ್ದೆಯ ಅನುಬಂಧ ಹಾಕುತ್ತಿದ್ದ ಲೆಕ್ಕ ಅದು. ಪ್ರೆಸ್ಸಿಗೆ ಕೈಕೊಟ್ಟವರನ್ನು ಆಟೋದಲ್ಲಿ ಕೂರಿಸಿಕೊಂಡು ಇಎಸ್‌ಐ ಆಸ್ಪತ್ರೆಗೆ ಓಡುವ ಕೆಲಸ ಟ್ರೈನಿಗಳದು. ಮೂರನೇ ಸಲ ಹೋಗಿ ಬರುವಷ್ಟರಲ್ಲಿ ಪಟ್ಟಿ ನಾಲಿಗೆಯ ತುದಿಯಲ್ಲಿತ್ತು.

ಅಲ್ಲೊಬ್ಬ ಫೋರ್‌ಮನ್ ಇದ್ದರು. ಹೆಸರು ಹೇಳುವುದಿಲ್ಲ, ಇದ್ದಿದ್ದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ಏಳನೇ ಕ್ಲಾಸು ಓದಿದವರು. ಅವರ ಮೇಜಿನ ಮೇಲೆ ಉದ್ದನೆಯ, ಕೆಂಪು ರಟ್ಟಿನ ಲೆಕ್ಕದ ಪುಸ್ತಕ ಒಂದು ಇರುತ್ತಿತ್ತು. ಅದು ಆಫೀಸಿನ ಅಪಘಾತ ರಿಜಿಸ್ಟರ್ ಅಲ್ಲ. 'ಆ ರಿಜಿಸ್ಟರಿನಲ್ಲಿ ತಪ್ಪು ಬರೀತಾರೆ. ಇದರಲ್ಲಿ ನಾನು ತಪ್ಪಿದ್ದನ್ನ ಬರೀತೀನಿ' ಅನ್ನುತ್ತಿದ್ದರು. ಶಾಪಿನವರೆಲ್ಲ ಅದನ್ನು ತಪ್ಪಿತು ಪುಸ್ತಕ ಅಂತಲೇ ಕರೆಯುತ್ತಿದ್ದರು. ಒಂದು ಪುಟದಲ್ಲಿ ಹೀಗಿತ್ತು: 'ಡ್ರಿಲ್ಲಿಗೆ ಹುಡುಗನ ಶರ್ಟಿನ ತೋಳು ಸುತ್ತಿಕೊಂಡಿತು. ಹಳೇ ಶರ್ಟು, ಹರಿಯಿತು. ತಪ್ಪಿತು. ಹಬ್ಬದ ಹೊಸ ಶರ್ಟು ಹಾಕಿದ್ದರೆ?' ಇನ್ನೊಂದರಲ್ಲಿ, ಆಯುಧಪೂಜೆಯ ದಿನ ಗೇಟಿನ ಮುಂದೆ ಒಡೆದ ಬೂದುಗುಂಬಳದ ಮೇಲೆ ಅಕೌಂಟೆಂಟರ ಸ್ಕೂಟರ್ ಜಾರಿದ ವಿಷಯ. ಅದೂ ತಪ್ಪಿತು. ಮುಂದಿನ ವರ್ಷದಿಂದ ಕುಂಬಳಕಾಯಿ ಗೋಡೆಯ ಪಕ್ಕಕ್ಕೆ ಹೋಯಿತು. ಗಾರ್ಡ್ ಇಲ್ಲದ ಮೆಷಿನ್ನಿಗೆ ಕುಂಕುಮ ಇಡಬೇಡಿ ಎಂದು ಫೋರ್‌ಮನ್ ಪುರೋಹಿತರಿಗೇ ತಾಕೀತು ಮಾಡಿದ್ದರು. ಹೂವಿಲ್ಲದೆ ಬೋಳಾಗಿ ನಿಂತ ಮೆಷಿನ್ ನೋಡಲಾರದೆ ಆಪರೇಟರುಗಳೇ ಹಿಂದಿನ ಸಂಜೆ ಕೂತು ಗಾರ್ಡ್ ಹಾಕುತ್ತಿದ್ದರು.

ಒಂದು ದಿನ ನಾನು ಒಬ್ಬ ಪ್ರೆಸ್ ಆಪರೇಟರನನ್ನು ಹಿಡಿದೆ. ಎರಡೂ ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು, ಆಗ ಕೈ ಡೈ ಕೆಳಗೆ ಹೋಗಲು ಸಾಧ್ಯವಿಲ್ಲ. ಇವನು ಒಂದು ಬಟನ್ನನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿದ್ದ. ಸಸ್ಪೆಂಡ್ ಮಾಡಿ ಎಂದು ಫೋರ್‌ಮನ್ ಹತ್ತಿರ ಹೋದೆ. 'ಮಾಡೋಣಪ್ಪ. ಅದಕ್ಕೆ ಮುಂಚೆ ಅವನ ಸ್ಟೂಲಿನ ಮೇಲೆ ಒಂದು ಶಿಫ್ಟು ಕೂತ್ಕೊಂಡು ಬಾ' ಅಂದರು.

ಕೂತೆ. ಶಿಫ್ಟಿಗೆ 1,800 ಪೀಸು. ಎಣ್ಣೆ ಹತ್ತಿದ ತಗಡು ಹತ್ತಕ್ಕೊಂದು ಸಲ ಡೈಗೆ ಕಚ್ಚಿಕೊಳ್ಳುತ್ತದೆ. ಬಲಗೈಯಲ್ಲಿ ಬಿಡಿಸಬೇಕು, ಎಡಗೈಯಲ್ಲಿ ಮುಂದಿನದನ್ನು ಇಡಬೇಕು. ಬಟನ್ನಿಗೆ ಮೂರನೇ ಕೈ ಎಲ್ಲಿಂದ ತರುವುದು? ಲೆಕ್ಕಕ್ಕಿಂತ ಹೆಚ್ಚು ಮಾಡಿದರೆ ಇನ್ಸೆಂಟಿವ್, ಕಡಿಮೆಯಾದರೆ ಬೈಗುಳ. ಮಧ್ಯಾಹ್ನದ ಹೊತ್ತಿಗೆ, ನಾಚಿಕೆಯಿಂದ ಹೇಳುತ್ತೇನೆ, ನನ್ನ ಕಣ್ಣೂ ಆ ಟ್ಯೂಬಿನ ತುಂಡನ್ನು ಹುಡುಕುತ್ತಿತ್ತು.

ಇದನ್ನು ಕೇಳಿ ಟೂಲ್ ರೂಮಿನವರು ಡೈಗೆ ಸ್ಪ್ರಿಂಗ್ ಎಜೆಕ್ಟರ್ ಹಾಕಿ, ಪೀಸನ್ನು ಊದಿ ತಳ್ಳಲು ಗಾಳಿಯ ಪೈಪು ಕೊಟ್ಟರು. ಎರಡು ದಿನದ ಕೆಲಸ. ಇನ್ಸೆಂಟಿವ್ ಲೆಕ್ಕ ಬದಲಿಸಲು ಎಂಟು ತಿಂಗಳು ಹಿಡಿಯಿತು, ಏಕೆಂದರೆ ಅದು ಕಬ್ಬಿಣದ್ದಲ್ಲ, ಮೇಲಿನವರ ಮನಸ್ಸಿನದು. ಟ್ಯೂಬು ತಾನಾಗಿಯೇ ಕಸದ ಬುಟ್ಟಿ ಸೇರಿತು. 2018ರಲ್ಲಿ ಬಂದ ಐಎಸ್‌ಒ 45001 ಎಂಬ ಸುರಕ್ಷತಾ ಮಾನದಂಡ ಇದನ್ನೇ ಕ್ರಮವಾಗಿ ಹೇಳುತ್ತದೆ: ಅಪಾಯವನ್ನೇ ತೆಗೆಯಿರಿ, ಆಗದಿದ್ದರೆ ಕಡಿಮೆ ಅಪಾಯದ್ದಕ್ಕೆ ಬದಲಾಯಿಸಿ, ಆಮೇಲೆ ಯಂತ್ರದಲ್ಲೇ ತಡೆ ಹಾಕಿ, ಆಮೇಲೆ ನಿಯಮ ಮತ್ತು ತರಬೇತಿ, ಕಟ್ಟಕಡೆಗೆ ಕೈಗವಸು, ಹೆಲ್ಮೆಟ್ಟು. ನಾವು ಮಾಡುವುದು ತಿರುಗಾಮುರುಗ. ಮೊದಲು ಹೆಲ್ಮೆಟ್ ಹಂಚಿ ಫೋಟೋ ತೆಗೆಸಿಕೊಳ್ಳುತ್ತೇವೆ.

ಫೋಟೋ ಎಂದ ಕೂಡಲೇ ನನ್ನ ಸಿಟ್ಟಿನ ವಿಷಯ ಬಂತು. ಗೇಟಿನಲ್ಲಿ 'ಅಪಘಾತವಿಲ್ಲದ 412 ದಿನ' ಎಂಬ ಬೋರ್ಡು ನೋಡಿದರೆ ನನಗೆ ಅನುಮಾನ ಶುರುವಾಗುತ್ತದೆ. ಐನೂರು ದಿನಕ್ಕೆ ಎಲ್ಲರಿಗೂ ಸ್ಟೀಲ್ ಡಬ್ಬಿ ಎಂದು ಘೋಷಿಸಿದ್ದ ಕಡೆ ಒಬ್ಬ ಗುತ್ತಿಗೆ ಹುಡುಗ ರಕ್ತ ಸೋರುವ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಶಿಫ್ಟು ಮುಗಿಸಿದ್ದನ್ನು ನೋಡಿದ್ದೇನೆ. ಡಬ್ಬಿ ತಪ್ಪಿಸಿದವನು ಎನ್ನಿಸಿಕೊಳ್ಳಲು ಅವನಿಗೆ ಭಯ. ಇನ್ನು ನಿಮ್ಮ ವಯಸ್ಸಿನವರು ಕೆಲಸಕ್ಕೆ ಸೇರಿದ ವಾರಕ್ಕೇ ಫೋನು ಮಾಡುತ್ತಾರೆ: 'ಸರ್, ರಿಸ್ಕ್ ಅಸೆಸ್‌ಮೆಂಟಿಗೆ ಟೆಂಪ್ಲೇಟ್ ಇದೆಯಾ?' ಇದೆಯಪ್ಪ. ಅದನ್ನು ತುಂಬಿ ಕಳಿಸಿದ ಒಂದು ಕಡತದಲ್ಲಿ, ಬಾಯ್ಲರೇ ಇಲ್ಲದ ಕಾರ್ಖಾನೆಗೆ ಬಾಯ್ಲರ್ ಸ್ಫೋಟದ ಅಪಾಯ ಬರೆದಿತ್ತು. ಕಿವಿಯಿಂದ ಇಯರ್‌ಫೋನ್ ತೆಗೆದು ಒಂದು ಸುತ್ತು ಶಾಪಿನಲ್ಲಿ ನಡೆದಿದ್ದರೆ ಸಾಕಿತ್ತು.

ಭೋಪಾಲದ ಅನಿಲ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಯಿತು. ಅಪಾಯಕಾರಿ ಪ್ರಕ್ರಿಯೆ ಇರುವಲ್ಲಿ ಕೆಲಸಗಾರರೂ ಕೂರುವ ಸುರಕ್ಷತಾ ಸಮಿತಿ ಬಂತು, ಜೀವಕ್ಕೆ ಅಪಾಯ ಎದುರಾದರೆ ಮೇಲಿನವರ ಗಮನಕ್ಕೆ ತರುವ ಹಕ್ಕು ಬಂತು. ಆದರೆ ಸೇಫ್ಟಿ ಆಫೀಸರ್ ಕಡ್ಡಾಯವಾಗಿದ್ದದ್ದು 1,000 ಜನ ದುಡಿಯುವ ಕಡೆ. 2020ರ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆ ಅದನ್ನು 500ಕ್ಕೆ ಇಳಿಸಿದೆ, ಸಂತೋಷ. ಅದೇ ಸಂಹಿತೆ, ವಿದ್ಯುತ್ ಬಳಸುವ ಕಾರ್ಖಾನೆ ಅನ್ನಿಸಿಕೊಳ್ಳಲು 10 ಜನ ಇದ್ದದ್ದನ್ನು 20 ಮಾಡಿದೆ. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಯ ಶೆಡ್ಡುಗಳಲ್ಲಿ ಹನ್ನೆರಡು ಜನ, ಹದಿನೈದು ಜನ. ನಿಮ್ಮಲ್ಲಿ ಹಲವರು ಸೇರುವುದು ಅಂಥ ಕಡೆಗೇ. ಅಲ್ಲಿ ಸೇಫ್ಟಿ ಆಫೀಸರ್ ಯಾರೂ ಬರುವುದಿಲ್ಲ. ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಕೊಂಡು ತಪ್ಪಿತು ಪುಸ್ತಕವನ್ನು ನೀವೇ ಶುರುಮಾಡಬೇಕು. ಬರೆದವನ ಹೆಸರು ಕೇಳಬೇಡಿ. ವಾರಕ್ಕೊಮ್ಮೆ ಟೀ ಹೊತ್ತಿನಲ್ಲಿ ಓದಿ ಹೇಳಿ. ಒಂದನ್ನಾದರೂ ಆ ವಾರವೇ ಸರಿಮಾಡಿ. ಮಾಡದಿದ್ದರೆ ನಾಲ್ಕನೇ ವಾರಕ್ಕೆ ಯಾರೂ ಬರೆಯುವುದಿಲ್ಲ.

ಇದನ್ನು ಹೇಳುವ ನಾನು ಒಮ್ಮೆ ಬರೆಯಲಿಲ್ಲ. ಮೈಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ, ಕೊಳಚೆ ನೀರಿನ ತೊಟ್ಟಿಗೆ ಇಳಿಯುವ ಪರ್ಮಿಟ್ಟಿಗೆ ನನ್ನ ಮೇಜಿನಲ್ಲೇ ಕೂತು ಸಹಿ ಹಾಕಿದೆ, ಹೋಗಿ ನೋಡಲಿಲ್ಲ. ಇಳಿದ ಇಬ್ಬರು ತಲೆ ತಿರುಗಿ ಹೇಗೋ ಮೇಲೆ ಬಂದರು. ತಪ್ಪಿತು. ನಾನು ಮಾತ್ರ ಬಾಯಿ ಬಿಡಲಿಲ್ಲ. ನೆನಪಿಡಿ: ಗಾಳಿಯಲ್ಲಿ ಆಮ್ಲಜನಕ ಶೇಕಡ 21ರ ಹತ್ತಿರ ಇರುತ್ತದೆ, 19.5ಕ್ಕಿಂತ ಇಳಿದರೆ ಒಳಗೆ ಕಾಲಿಡಬಾರದು. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗೇ ಸತ್ತುಹೋಗುತ್ತದೆ. ವಾಸನೆ ಹೋಯಿತೆಂದರೆ ಅಪಾಯ ಹೋಯಿತೆಂದಲ್ಲ. ಬಿದ್ದವನನ್ನು ಎತ್ತಲು ಹಾಗೇ ಧುಮುಕಬೇಡಿ. ಅಂಥ ತೊಟ್ಟಿಗಳಲ್ಲಿ ಎರಡನೆಯ ಹೆಣ ಹೆಚ್ಚಾಗಿ ಕಾಪಾಡಲು ಹೋದವನದೇ.

ಫೋರ್‌ಮನ್ ರಿಟೈರಾದಾಗ ಪುಸ್ತಕ ನನಗೆ ಕೊಟ್ಟರು. ಅದರಲ್ಲಿ ಒಂದೇ ಒಂದು ಕಡೆ 'ತಪ್ಪಲಿಲ್ಲ' ಎಂದಿದೆ. ತಗಡು ತೊಳೆಯುವ ಆ್ಯಸಿಡ್ ನೀರನ್ನು ರಾತ್ರಿ ಪಾಳಿಯಲ್ಲಿ ಮೋರಿಗೆ ಬಿಟ್ಟ ದಿನ. ಮೋರಿಯ ನೀರು ರಾಜಕಾಲುವೆಗೆ, ಅಲ್ಲಿಂದ ವೃಷಭಾವತಿ ಹೊಳೆಗೆ. ನಾನು ಈಗ ಇರುವುದು ಕೆಂಗೇರಿಯಲ್ಲಿ, ದಿನಾ ಅದರ ನೊರೆ ನೋಡುತ್ತೇನೆ. ಆ ನೀರು ಬೈರಮಂಗಲದ ಕೆರೆ ಸೇರುತ್ತದೆ, ಅದರಲ್ಲೇ ಬೆಳೆ ಬೆಳೆಯುತ್ತಾರೆ. ಬೆರಳಿಗೆ ಶೇಕಡಾವಾರು ಪಟ್ಟಿ ಇದೆ, ಹೊಳೆಗೆ ಇಲ್ಲ.

ಮಾತು ಉದ್ದವಾಯಿತು, ಊಟದ ವಾಸನೆ ಬರುತ್ತಿದೆ. ಕೊನೆಗೊಂದು ವಿಷಯ. 2024ರ ನವೆಂಬರಿನಲ್ಲಿ ಇಲ್ಲೇ ಡಾ. ರಾಜ್‌ಕುಮಾರ್ ರಸ್ತೆಯ ಒಂದು ಎಲೆಕ್ಟ್ರಿಕ್ ಸ್ಕೂಟರ್ ಶೋರೂಮಿಗೆ ಬೆಂಕಿ ಬಿದ್ದು, ಕೆಲಸಕ್ಕಿದ್ದ ಹುಡುಗಿಯೊಬ್ಬಳು ಹೊರಗೆ ಬರಲಾಗದೆ ತೀರಿಕೊಂಡಳು. ನಿಮ್ಮದೇ ವಯಸ್ಸು. ಅಂದಿನಿಂದ ಎಲ್ಲಿ ಹೋದರೂ ಮೊದಲು ಬಾಗಿಲು ನೋಡುವ ಚಾಳಿ ನನಗೆ. ಈ ಸಭಾಂಗಣದ ಎಡಗಡೆಯ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಒಟ್ಟಿದ್ದಾರೆ, ಬೀಗವೂ ಇದೆ. ಕೀ ಎಲ್ಲಿ ಎಂದು ಬೆಳಗ್ಗೆ ಮೂರು ಜನರನ್ನು ಕೇಳಿದೆ, ಮೂವರೂ ಇನ್ನೊಬ್ಬರ ಕಡೆ ಕೈ ತೋರಿಸಿದರು. ಭಾಷಣ ಮುಗಿಯುವುದರೊಳಗೆ ಹುಡುಕಿಸುತ್ತೇವೆ ಅಂದಿದ್ದರು.

ಸಿಕ್ಕಿತೇ?