ಮೈಲುತುತ್ತ



ಉಪ್ಪು ಎಂದೊಡನೆ ನಮ್ಮ ನೆನಪಿಗೆ ಬರುವುದು ಅಡುಗೆಮನೆಯ ಬಿಳಿಯ ಉಪ್ಪು. ಆದರೆ ರಸಾಯನಶಾಸ್ತ್ರದಲ್ಲಿ ಲವಣವೆಂಬುದು ಒಂದು ದೊಡ್ಡ ಮನೆತನದ ಹೆಸರು. ಆ ಮನೆತನದ ಒಂದು ಕುಡಿಯ ವಿಷಯವಾಗಿ ನಾನು ಇಂದು ನಾಲ್ಕು ಮಾತು ಆಡಬೇಕೆಂದಿದ್ದೇನೆ. ಅದು ನಾಲಗೆಗೆ ಸಲ್ಲದ್ದು. ಕಣ್ಣಿಗೆ ಮಾತ್ರ ಹಬ್ಬ. ಅದೇ ಮೈಲುತುತ್ತ.

ನಮ್ಮ ಮನೆಯ ಅಟ್ಟದ ಮೂಲೆಯಲ್ಲಿ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ, ಒಂದು ಮಣ್ಣಿನ ಭರಣಿ ಇರುತ್ತಿತ್ತು. ಅದರ ತುಂಬ ಕಲ್ಲುಸಕ್ಕರೆಯಷ್ಟು ದಪ್ಪದ ಹರಳುಗಳು. ಬಿಸಿಲಿಗೆ ಹಿಡಿದರೆ ಒಳಗಿನಿಂದಲೇ ಬೆಳಕು ಬಂದಂತೆ ಕಾಣುವ ಕಡುನೀಲಿ. "ಮುಟ್ಟಿದರೆ ಕೈ ತೊಳೆ, ಬಾಯಿಗಿಟ್ಟರೆ ಉಳಿಯುವುದಿಲ್ಲ" ಎಂದು ಅಮ್ಮ ಹೆದರಿಸುತ್ತಿದ್ದಳು. ಅಷ್ಟು ಚೆಲುವಾದ ವಸ್ತು ವಿಷವಾಗಿರುವುದಾದರೂ ಹೇಗೆಂದು ಆ ವಯಸ್ಸಿನಲ್ಲಿ ನನಗೆ ದೊಡ್ಡ ಸೋಜಿಗವಾಗಿತ್ತು.

ಹೆಸರಿನಿಂದಲೇ ತೊಡಗೋಣ. ಸಂಸ್ಕೃತದಲ್ಲಿ ಇದು ತುತ್ಥ. ಅಮರಕೋಶವು ಅದಕ್ಕೆ ಕೊಡುವ ಪರ್ಯಾಯ ಪದಗಳಲ್ಲಿ ಶಿಖಿಗ್ರೀವ ಎಂಬುದೂ ಒಂದು; ನವಿಲಿನ ಕೊರಳು ಎಂದು ಅದರ ಅರ್ಥ. ನಮ್ಮ ಮಾತಿನ ಮೈಲುತುತ್ತದಲ್ಲಿಯೂ ನವಿಲೇ ಅಡಗಿದೆ. ಸಂಸ್ಕೃತದ ಮಯೂರ, ತಮಿಳಿನ ಮಯಿಲ್ ಇವುಗಳ ನೆಂಟ ಆ 'ಮೈಲು'. ಹೆಸರಿಟ್ಟವರು ಹರಳನ್ನು ಕೈಯಲ್ಲಿ ಹಿಡಿದು ಚೆನ್ನಾಗಿ ನೋಡಿದವರೇ ಇರಬೇಕು.

ರಸಾಯನಶಾಸ್ತ್ರಜ್ಞರು ಇದನ್ನು ತಾಮ್ರದ ಸಲ್ಫೇಟ್ ಎನ್ನುತ್ತಾರೆ. ತಾಮ್ರ ಮತ್ತು ಗಂಧಕಾಮ್ಲಗಳ ಸಂತಾನ ಇದು. ಹರಳಿನ ತೂಕದಲ್ಲಿ ಸುಮಾರು ಕಾಲು ಪಾಲು ತಾಮ್ರ. ಅದಕ್ಕಿಂತ ಅಚ್ಚರಿಯ ಸಂಗತಿಯೆಂದರೆ, ಮುಟ್ಟಿದರೆ ಒಣಕಲ್ಲಿನಂತಿರುವ ಈ ಹರಳಿನ ತೂಕದಲ್ಲಿ ನೂರಕ್ಕೆ 36 ಪಾಲು ಬರಿಯ ನೀರು. ತಾಮ್ರದ ಒಂದೊಂದು ಪರಮಾಣುವಿಗೆ ನೀರಿನ ಐದೈದು ಅಣುಗಳು ಲೆಕ್ಕವಿಟ್ಟಂತೆ ಜೊತೆಗೂಡಿವೆ. ಆ ನೀಲಿಗೂ ಈ ನೀರಿಗೂ ನಂಟುಂಟು. ಹರಳನ್ನು ಪುಡಿಮಾಡಿ ಕಾಯಿಸಿದರೆ ನೀರು ಆವಿಯಾಗಿ ಹೋಗುತ್ತದೆ. ಅದರೊಂದಿಗೆ ಬಣ್ಣವೂ ಹೋಗಿ, ಬೂದಿಯಂತಹ ಬಿಳಿಯ ಪುಡಿ ಉಳಿಯುತ್ತದೆ. ಆ ಪುಡಿಯ ಮೇಲೆ ಒಂದು ಹನಿ ನೀರು ಬಿಟ್ಟರೆ ಸಾಕು, ಹೋದ ನೀಲಿ ಮರಳಿ ಬರುತ್ತದೆ, ಪುಡಿ ಬಿಸಿಯೂ ಆಗುತ್ತದೆ. ದ್ರವವೊಂದರಲ್ಲಿ ನೀರು ಬೆರೆತಿದೆಯೇ ಇಲ್ಲವೇ ಎಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಈ ಬಿಳಿಯ ಪುಡಿಯನ್ನು ಬಳಸುವುದುಂಟು.

ಇದರ ಇನ್ನೊಂದು ಗುಣವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮುಂದೆ ಅದರಿಂದ ಕೆಲಸವಿದೆ. ಮೈಲುತುತ್ತದ ನೀರಿನಲ್ಲಿ ಉಜ್ಜಿದ ಕಬ್ಬಿಣದ ಮೊಳೆಯೊಂದನ್ನು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಅದು ಕೆಂಪಗೆ ತಾಮ್ರದ ಮೊಳೆಯಾಗಿರುತ್ತದೆ. ಇದು ರಸವಿದ್ಯೆಯೇನೂ ಅಲ್ಲ. ಕಬ್ಬಿಣ ತಾನು ಕರಗಿ ನೀರಿಗಿಳಿಯುತ್ತದೆ. ನೀರಿನಲ್ಲಿದ್ದ ತಾಮ್ರ ಹೊರಬಂದು ಮೊಳೆಯ ಮೈಗೆ ಹತ್ತುತ್ತದೆ. ಈ ಕಾರಣದಿಂದಲೇ ಮೈಲುತುತ್ತದ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಎಂದೂ ಇಡಬಾರದು.

ಪೇಟೆಯಲ್ಲಿರುವ ನಾವು ಈ ಲವಣದ ಉಪಕಾರವನ್ನು ಅರಿಯದೆಯೇ ಪಡೆದಿರುತ್ತೇವೆ. ನಿಮ್ಮ ಮನೆಯಲ್ಲಿ ಹಳೆಯ ರಟ್ಟಿನ ಪುಸ್ತಕಗಳಿದ್ದರೆ ಅವುಗಳ ಬೆನ್ನಿನಲ್ಲಿ ಇದು ಇರಬಹುದು. ರಟ್ಟು ಕಟ್ಟುವವರು ಮೈದಾ ಹಿಟ್ಟಿನ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅಂಟು ಬೂಷ್ಟು ಹಿಡಿಯುತ್ತಿರಲಿಲ್ಲ. ಹುಳುಗಳೂ ಹತ್ತಿರ ಸುಳಿಯುತ್ತಿರಲಿಲ್ಲ. ಗೋಡೆಗೆ ಬಳಿಯುವ ಸುಣ್ಣಕ್ಕೂ ಇದನ್ನು ಸೇರಿಸುವ ರೂಢಿಯಿತ್ತು. ನೀವು ರಕ್ತದಾನಕ್ಕೆ ಹೋದವರಾದರೆ, ಬೆರಳು ಚುಚ್ಚಿ ತೆಗೆದ ರಕ್ತದ ಹನಿಯನ್ನು ನೀಲಿ ನೀರಿಗೆ ಬಿಟ್ಟು ನೋಡುವುದನ್ನು ಕಂಡಿರಬಹುದು. ಅದು ಮೈಲುತುತ್ತದ ನೀರೇ. ಅದರ ಸಾಪೇಕ್ಷ ಸಾಂದ್ರತೆಯನ್ನು 1.053ಕ್ಕೆ ಸರಿಯಾಗಿ ಹದಗೊಳಿಸಿರುತ್ತಾರೆ. ಹನಿ ಬೇಗನೆ ಮುಳುಗಿದರೆ ರಕ್ತದಲ್ಲಿ ಹಿಮೋಗ್ಲೋಬಿನ್ ಸಾಕಷ್ಟಿದೆ ಎಂದರ್ಥ. ತೇಲಿದರೆ, "ನೀವೇ ಮೊದಲು ಚೇತರಿಸಿಕೊಳ್ಳಿ" ಎಂದು ಹೇಳಿ ಕಳುಹಿಸುತ್ತಾರೆ. ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆಯನ್ನು ಪತ್ತೆ ಹಚ್ಚಲು ಬಹುಕಾಲ ಬಳಸಿದ ಬೆನೆಡಿಕ್ಟ್ ದ್ರಾವಣದ ನೀಲಿಯೂ ಇದರದ್ದೇ. ಸಕ್ಕರೆಯಿದ್ದರೆ, ಕಾಯಿಸಿದಾಗ ಆ ನೀಲಿ ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ.

ಆದರೆ ಮೈಲುತುತ್ತದ ಹಿರಿಯ ಕೆಲಸ ನಡೆಯುವುದು ತೋಟಗಳಲ್ಲಿ. ತಾಮ್ರಕ್ಕೆ ಬೂಷ್ಟನ್ನು ತಡೆಯುವ ಶಕ್ತಿಯಿದೆಯೆಂದು 1807ರಷ್ಟು ಹಿಂದೆಯೇ ಫ್ರಾನ್ಸಿನ ಪ್ರೆವೋ ಎಂಬ ವಿದ್ವಾಂಸ, ಗೋಧಿಯ ಕಾಡಿಗೆ ರೋಗವನ್ನು ಅಭ್ಯಸಿಸುತ್ತ, ಬರೆದಿದ್ದ. ಲೋಕ ಅದಕ್ಕೆ ಕಿವಿಗೊಡಲಿಲ್ಲ. ಮುಂದೆ ಅದೇ ದೇಶದ ದ್ರಾಕ್ಷಿತೋಟಗಳಿಗೆ, ಎಲೆಯ ಅಡಿಯಲ್ಲಿ ಬಿಳಿಯ ಬೂಷ್ಟು ಹಬ್ಬಿಸಿ ಬಳ್ಳಿಯನ್ನು ಬೋಳು ಮಾಡುವ ಹೊಸ ರೋಗವೊಂದು ಅಮೆರಿಕದಿಂದ ಬಂದಿಳಿಯಿತು. 1882ರ ಶರತ್ಕಾಲದಲ್ಲಿ ಬೋರ್ಡೋ ನಗರದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ ತೋಟಗಳ ನಡುವೆ ನಡೆದುಹೋಗುತ್ತಿದ್ದಾಗ ಒಂದು ವಿಚಿತ್ರವನ್ನು ಕಂಡ. ತೋಟದ ಒಳಗಿನ ಬಳ್ಳಿಗಳು ಎಲೆಯುದುರಿಸಿ ನಿಂತಿವೆ. ದಾರಿಯ ಅಂಚಿನವು ಮಾತ್ರ ಹಸಿರಾಗಿವೆ. ವಿಚಾರಿಸಿದಾಗ ಗುಟ್ಟು ಹೊರಬಿತ್ತು. ದಾರಿಹೋಕರು ಹಣ್ಣು ಕದಿಯದಂತೆ ಹೆದರಿಸಲು, ರೈತರು ಆ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚಿದ್ದರು. ಕಳ್ಳರಿಗೆಂದು ಎರಚಿದ್ದು ರೋಗಕ್ಕೂ ತಾಗಿತ್ತು. ಮಿಲಾರ್ಡೆ ಪ್ರಯೋಗಗಳನ್ನು ನಡೆಸಿ 1885ರಲ್ಲಿ ಫಲವನ್ನು ಪ್ರಕಟಿಸಿದ. ಬೋರ್ಡೋ ದ್ರಾವಣವೆಂಬ ಹೆಸರು ಹುಟ್ಟಿದ್ದು ಹೀಗೆ.

ಅದು ನಮ್ಮ ಮಲೆನಾಡಿಗೆ ಬಂದದ್ದು ಕೊಳೆರೋಗದ ಬೆನ್ನು ಹತ್ತಿ. ಅಡಿಕೆ ಬೆಳೆಯುವವರಿಗೆ ಕೊಳೆ ಎಂಬ ಎರಡಕ್ಷರವನ್ನು ವಿವರಿಸಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಬಿಡದೆ ಸುರಿಯುತ್ತಿರುವಾಗ ಹಸಿಕಾಯಿಗಳ ಮೇಲೆ ನೀರು ಕುಡಿದಂತಹ ಕಲೆಗಳು ಮೂಡುತ್ತವೆ. ಬಿಳಿಯ ಬೂಷ್ಟು ಹತ್ತುತ್ತದೆ. ಒಂದು ಮುಂಜಾನೆ ನೋಡಿದರೆ ವರ್ಷದ ಅನ್ನ ಮರದ ಬುಡದಲ್ಲಿ ಉದುರಿ ಬಿದ್ದಿರುತ್ತದೆ. ರೋಗದ ಜೀವಿ ದ್ರಾಕ್ಷಿಯ ಆ ಬೂಷ್ಟಿನ ಬಳಗದ್ದೇ. ಅದರ ಬೀಜಕಣಗಳು ಮಳೆನೀರಿನಲ್ಲಿ ಈಜುತ್ತ ಕಾಯಿಯಿಂದ ಕಾಯಿಗೆ ಹರಡುತ್ತವೆ. ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡಿದ್ದ ಉಪಾಯ ಕೊಟ್ಟೆ ಕಟ್ಟುವುದು: ಅಡಿಕೆಯ ಹಾಳೆಯಿಂದ ಕೊಡೆ ಮಾಡಿ ಒಂದೊಂದು ಗೊನೆಗೂ ಹೊದಿಸುವುದು. ಒಳ್ಳೆಯ ಉಪಾಯವೇ, ಆದರೆ ಸಾವಿರ ಮರಗಳ ತೋಟದಲ್ಲಿ ಅದು ಎಷ್ಟು ಜನರ ಎಷ್ಟು ದಿನಗಳ ಶ್ರಮ ಎಂಬುದನ್ನು ಊಹಿಸಿಕೊಳ್ಳಿ.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ತಮ್ಮ ವರದಿಯನ್ನು ಹೊರತಂದರು. ಮಳೆ ಹಿಡಿಯುವ ಮುನ್ನ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಿದರೆ ಕೊಳೆಯನ್ನು ತಡೆಯಬಹುದೆಂದು ತೋರಿಸಿದರು. ಮಲೆನಾಡಿನ ಮಳೆಗೆ ಔಷಧಿ ತೊಳೆದುಹೋಗದಂತೆ ರಾಳ, ಸೋಡಗಳನ್ನು ಸೇರಿಸಿ ಅದಕ್ಕೆ ಅಂಟುಗುಣ ಬರಿಸಿದರು. ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದ ಅವರನ್ನು ಮಂಡ್ಯದ ಕಬ್ಬಿನ ಸೀಮೆ ನೆನೆಯುವಂತೆ ಅಡಿಕೆಯ ಸೀಮೆಯೂ ನೆನೆಯಬೇಕು.

ದ್ರಾವಣದ ತಯಾರಿಕೆ ಕೇಳುವುದಕ್ಕೆ ಬಹು ಸುಲಭ. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. 1 ಕಿಲೋ ಒಳ್ಳೆಯ ಸುಣ್ಣವನ್ನು ಬೇರೆಯಾಗಿ 50 ಲೀಟರ್ ನೀರಿನಲ್ಲಿ ಕದಡಿ ಸೋಸಬೇಕು. ಸುಣ್ಣದ ನೀರಿಗೆ ತುತ್ತದ ನೀರನ್ನು ಮೆಲ್ಲಗೆ ಸುರಿಯುತ್ತ ಕಲಕಬೇಕು. ಮೋಡವಿಲ್ಲದ ಆಕಾಶದ ಬಣ್ಣ ಬರುತ್ತದೆ. ಅಂದು ಮಾಡಿದ್ದನ್ನು ಅಂದೇ ಮುಗಿಸಬೇಕು. ಆದರೆ ಮುಖ್ಯವಾದ ಮಾತು ಇನ್ನು ಮೇಲಿದೆ. ಸುಣ್ಣ ಕಡಿಮೆಯಾದರೆ ಕರಗಿದ ತಾಮ್ರ ಬಿಡಿಯಾಗಿ ಉಳಿದು, ರೋಗದ ಜೊತೆಗೆ ಎಳೆಯ ಕಾಯಿಯನ್ನೂ ಸುಡುತ್ತದೆ. ಹದ ಬಂದಿದೆಯೇ ಎಂದು ನೋಡಲು ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಬೇಕು. ಅಲಗು ಬೆಳ್ಳಗೆ ಉಳಿದರೆ ಸರಿ. ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಆಗ ಹೇಳಿದ ಮೊಳೆಯ ಆಟವೇ ಇಲ್ಲಿ ತೋಟದ ಕಾವಲಿಗೆ ನಿಂತಿದೆ.

ಈ ಪರೀಕ್ಷೆಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದ ಒಂದು ವರ್ಷ ಮಳೆ ಮುಂಚಿತವಾಗಿಯೇ ಬರುವ ಸೂಚನೆಯಿತ್ತು. ಅಪ್ಪಯ್ಯನಿಗೆ ಆತುರ. ಮನೆಯಲ್ಲಿದ್ದ ಸುಣ್ಣ ಹಿಂದಿನ ವರ್ಷದ್ದು. ಗಾಳಿ ಕುಡಿದು ಸತ್ತ ಸುಣ್ಣ. ಅದನ್ನೇ ತೂಗಿ ಕದಡಿಸಿದರು. ಕತ್ತಿ ಅದ್ದಿ ನೋಡುವ ಪದ್ಧತಿ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಇಷ್ಟು ವರ್ಷ ಮಾಡಿದ ಕೈ ತಪ್ಪುವುದುಂಟೇ ಎಂಬ ಧೈರ್ಯ. ನಮ್ಮ ತೋಟದ ಕೊನೆಗೌಡ ಎರಡು ದಿನ ಮರದಿಂದ ಮರಕ್ಕೆ ಜೋಲಿ ಹೊಡೆಯುತ್ತ ಅಷ್ಟೂ ಗೊನೆಗಳಿಗೆ ಔಷಧಿ ಹೊಡೆದ.

ವಾರ ಕಳೆಯುವುದರೊಳಗೆ ಕಾಯಿ ಉದುರತೊಡಗಿತು. ಮೊದಲು ಕೊಳೆಯೆಂದೇ ತಿಳಿದರು. ಆದರೆ ಬಿದ್ದ ಕಾಯಿಗಳ ಮೇಲೆ ಬೂಷ್ಟು ಇರಲಿಲ್ಲ, ಸುಟ್ಟ ಕಲೆಗಳಿದ್ದವು. ಅಪ್ಪಯ್ಯ ಮೈಲುತುತ್ತ ಮಾರಿದವನನ್ನು ಬೈದರು, ಕಲಬೆರಕೆ ಎಂದರು. ಅಂಗಳದ ಅಂಚಿನಲ್ಲಿ ನಿಂತಿದ್ದ ಕೊನೆಗೌಡ ಏನನ್ನೂ ಹೇಳದೆ ಸೊಂಟದ ಕತ್ತಿಯನ್ನು ತೆಗೆದು ಜಗಲಿಯ ಮೇಲಿಟ್ಟ. ಔಷಧಿಯ ಪೀಪಾಯಿಗೆ ಬಿದ್ದ ಹಾಳೆಯ ಚೂರೊಂದನ್ನು ಅವನು ಆ ದಿನ ಅದರಿಂದ ಎತ್ತಿದ್ದನಂತೆ. ಅಲಗಿನ ತುದಿ ಅರ್ಧ ಗೇಣು ಕೆಂಪಗಾಗಿತ್ತು.

ಅಪ್ಪಯ್ಯ ಬಹಳ ಹೊತ್ತು ಅದನ್ನೇ ನೋಡಿದರು. ಕೊನೆಗೆ, "ಅವತ್ತೇ ಯಾಕೆ ಹೇಳಲಿಲ್ಲ ನೀನು?" ಎಂದರು.

"ಹೇಳಾಕೆ ನಾನ್ಯಾರು, ಒಡೇರೆ?" ಎಂದ ಅವನು.

ಅದರಲ್ಲಿ ಕೊಂಕು ಇರಲಿಲ್ಲ. ಅವನು ನಿಜವಾಗಿಯೂ ಹಾಗೆ ತಿಳಿದಿದ್ದ. ನಾವೂ ಅವನು ಹಾಗೆ ತಿಳಿಯುವಂತೆಯೇ ನಡೆದುಕೊಂಡಿದ್ದೆವು. ಕಬ್ಬಿಣದ ಅಲಗು ಕೂಡ ಕಂಡದ್ದನ್ನು ತೋರಿಸಿತ್ತು. ಅದನ್ನು ಹಿಡಿದವನು ಮಾತ್ರ ಕಂಡದ್ದನ್ನು ನುಂಗಿಕೊಳ್ಳಬೇಕಾಯಿತು. ಆ ವರ್ಷ ನಮಗೆ ಅರ್ಧ ಬೆಳೆಯೂ ಕೈಗೆ ಬರಲಿಲ್ಲ. ನನ್ನ ಅಕ್ಕನ ಮದುವೆ ಮುಂದಕ್ಕೆ ಹೋಯಿತು. ಬೆಳೆ ಕಡಿಮೆಯಾದದ್ದರಿಂದ ಕೊನೆಗೌಡನಿಗೂ ಕೊಯ್ಲಿನ ಕೂಲಿ ಕಡಿಮೆಯಾಯಿತು. ನಮ್ಮ ತಪ್ಪಿನ ಪಾಲು ಅವನ ಮನೆಯ ಒಲೆಯವರೆಗೂ ಹೋಯಿತು.

ಮರುವರ್ಷ ಅಪ್ಪಯ್ಯ ಹೊಸದಾಗಿ ಸುಟ್ಟ ಸುಣ್ಣ ತರಿಸಿದರು. ಪೀಪಾಯಿ ಸಿದ್ಧವಾದಾಗ ಕೊನೆಗೌಡನನ್ನು ಕರೆದು, "ನೀನು ಕತ್ತಿ ಅದ್ದಿ ನೋಡಿ ಸರಿ ಅನ್ನದೆ ಇದು ಇಲ್ಲಿಂದ ಏಳುವುದಿಲ್ಲ" ಎಂದರು. ಕ್ಷಮೆ ಕೇಳುವುದು ಅವರಿಗೆ ಬರುತ್ತಿರಲಿಲ್ಲ. ಅದೇ ಅವರ ಕ್ಷಮೆಯಾಗಿತ್ತು. ಅವನು ಎರಡು ಸಲ ಬೇಡವೆಂದ. ಎರಡು ಸಲವೂ ಸುಣ್ಣ ಸೇರಿತು. ಅಪ್ಪಯ್ಯ ಇದ್ದಷ್ಟು ಕಾಲ ನಮ್ಮ ತೋಟದಲ್ಲಿ ಅದೇ ಪದ್ಧತಿ ನಡೆಯಿತು.

ಅಮ್ಮ ಹೇಳುತ್ತಿದ್ದ ವಿಷದ ಮಾತಿಗೆ ಮರಳುತ್ತೇನೆ. ವಾಂತಿ ಮಾಡಿಸಲು ಹಿಂದೆ ವೈದ್ಯರು ಮೈಲುತುತ್ತವನ್ನು ಕೊಡುತ್ತಿದ್ದುದುಂಟು. ಅದು ಹೊಟ್ಟೆಯನ್ನು ಸುಡುತ್ತದೆ, ಯಕೃತ್ತಿಗೂ ಮೂತ್ರಪಿಂಡಕ್ಕೂ ಕೇಡು ಮಾಡುತ್ತದೆ ಎಂದು ತಿಳಿದ ಮೇಲೆ ಕೈಬಿಟ್ಟರು. ಮನೆಮದ್ದೆಂದು ಯಾರಾದರೂ ಹೇಳಿದರೂ ಅದನ್ನು ಬಾಯಿಗೆ ಸೋಕಿಸಬಾರದು. 1969ರಲ್ಲಿ ಪೋರ್ಚುಗಲ್ ದೇಶದ ವೈದ್ಯರು, ವರ್ಷಗಟ್ಟಲೆ ದ್ರಾಕ್ಷಿತೋಟಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸಿದ ಕೂಲಿಗಾರರ ಶ್ವಾಸಕೋಶಗಳಲ್ಲಿ ತಾಮ್ರ ಸೇರಿ ರೋಗವಾಗಿರುವುದನ್ನು ವರದಿ ಮಾಡಿದರು. ಮಣ್ಣಿಗೆ ಬಿದ್ದ ತಾಮ್ರವೂ ಕೊಳೆತು ಹೋಗುವಂಥದಲ್ಲ. ವರ್ಷದಿಂದ ವರ್ಷಕ್ಕೆ ಮೇಲ್ಮಣ್ಣಿನಲ್ಲಿ ಕೂಡುತ್ತ ಹೋಗುತ್ತದೆ. ಆದ್ದರಿಂದ ಬೇಕಾದಷ್ಟೇ ಬಳಸಬೇಕು. ಬಳಸುವವನ ಮೂಗು, ಕಣ್ಣು, ಕೈಗಳಿಗೆ ರಕ್ಷಣೆ ಒದಗಿಸಬೇಕು. ನಮ್ಮ ಕೊನೆಗೌಡ ಬರಿಯ ಮೈಯಲ್ಲಿ ಮರವೇರುತ್ತಿದ್ದ. ಸಂಜೆ ಇಳಿದಾಗ ಅವನ ಹುಬ್ಬು, ಎದೆಯ ರೋಮ ಎಲ್ಲವೂ ನೀಲಿ. ನಾವು ಹುಡುಗರು ಅದನ್ನು ಕಂಡು ಕೃಷ್ಣವೇಷವೆಂದು ನಗುತ್ತಿದ್ದೆವು. ಅವನು ಕೆಮ್ಮುತ್ತ ತಾನೂ ನಗುತ್ತಿದ್ದ. ಆ ಕೆಮ್ಮು ಏತರದೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಈಗ ಕಾರ್ಬನ್ ಫೈಬರಿನ ಉದ್ದನೆಯ ದೋಟಿಗಳು ಬಂದಿವೆ. ನೆಲದ ಮೇಲೆ ನಿಂತೇ ಗೊನೆಗೆ ಔಷಧಿ ಹೊಡೆಯಬಹುದು. ಅದು ಬಹಳ ಒಳ್ಳೆಯದು. ಆದರೆ ಪೀಪಾಯಿಯೊಳಗಿನ ದ್ರಾವಣ ಇಂದಿಗೂ ಅದೇ, ಅದರ ಹದವೂ ಅದೇ. ನಿಮ್ಮಲ್ಲಿ ತೋಟವುಳ್ಳವರಿದ್ದರೆ ಒಂದು ವಿನಂತಿ: ಮಳೆಗಾಲಕ್ಕೆ ಮುನ್ನ ಹೊಸ ಸುಣ್ಣ ತನ್ನಿ, ಕತ್ತಿಯ ಅಲಗನ್ನು ಚೆನ್ನಾಗಿ ಉಜ್ಜಿ ಅದ್ದಿ ನೋಡಿ. ನೋಡಿದ ಮೇಲೆ, ಔಷಧಿ ಹೊಡೆಯುವವನಿಗೂ ಅದನ್ನು ತೋರಿಸಿ, ಅವನು ಏನು ಹೇಳುತ್ತಾನೆಂದು ಕೇಳಿ.