ಬೆಟ್ಟದ ಮಣ್ಣು ಬೇಡ, ಬೀದಿಯ ತರಗೆಲೆ ಸಾಕು

(ಮೈಸೂರಿನಲ್ಲಿ ಕೈತೋಟದ ಆಸಕ್ತರು ಹಾಗೂ ಮಲೆನಾಡಿನಿಂದ ಬಂದು ಓದುತ್ತಿರುವ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕೈತೋಟದ ಮಣ್ಣನ್ನು ಹದಗೊಳಿಸುವ ಬಗೆಯನ್ನು ಹೇಳಲು ನನ್ನನ್ನು ಕರೆದಿದ್ದೀರಿ. ಮೊದಲಿಗೆ ನಾನೇ ಮಾಡಿದ ಒಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಓದುವ ದಿನಗಳಲ್ಲಿ ಸರಸ್ವತೀಪುರಂನ ಬಾಡಿಗೆ ಮನೆಯೊಂದರಲ್ಲಿದ್ದೆ. ಅಲ್ಲಿನ ಹಿತ್ತಿಲ ಕೆಮ್ಮಣ್ಣಿನಲ್ಲಿ ಹರಿವೆಯೂ ಸರಿಯಾಗಿ ಏಳುತ್ತಿರಲಿಲ್ಲ. ರಜೆಗೆ ಊರಿಗೆ ಹೋದಾಗ ಮನೆಯ ಹಿಂದಿನ ಬೆಟ್ಟದಿಂದ ಎರಡು ಚೀಲ ಕಪ್ಪು ಮಣ್ಣನ್ನು ತುಂಬಿ, ಬಸ್ಸಿನ ಮೇಲೆ ಹೇರಿಸಿಕೊಂಡು ಬಂದೆ. ಮೊದಲ ವರ್ಷ ಹರಿವೆ ಮೊಳಕಾಲೆತ್ತರ ಬೆಳೆಯಿತು. ಎರಡನೆಯ ವರ್ಷ ಸಾಧಾರಣ. ಮೂರನೆಯ ವರ್ಷದ ಹೊತ್ತಿಗೆ ಆ ಪಾತಿ ಯಾವುದು, ಪಕ್ಕದ ಪಾತಿ ಯಾವುದು ಎಂದು ಗುರುತಿಸಲಾಗಲಿಲ್ಲ. ಕಪ್ಪು ಬಣ್ಣವೇ ಮಾಯವಾಗಿತ್ತು.

ಆ ಕಪ್ಪು ಎಲ್ಲಿ ಹೋಯಿತು? ಗಾಳಿಗೆ ಹೋಯಿತು. ಕಾಡಿನ ಮೇಲ್ಮಣ್ಣಿನ ಕಪ್ಪೆಂದರೆ ಕೊಳೆತ ಎಲೆ, ಕಡ್ಡಿ, ಬೇರುಗಳ ಸಾರ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತವೆ. ಕಾಡಿನಲ್ಲಿಯೂ ಅವು ತಿನ್ನುತ್ತಲೇ ಇರುತ್ತವೆ. ಆದರೆ ಅಲ್ಲಿ ನೆರಳಿದೆ, ಪ್ರತಿವರ್ಷವೂ ಮೇಲಿನಿಂದ ಹೊಸ ಎಲೆ ಉದುರುತ್ತದೆ. ತಿಂದಷ್ಟು ಮತ್ತೆ ತುಂಬುತ್ತದೆ. ನನ್ನ ಹಿತ್ತಿಲಲ್ಲಿ ಬಿಸಿಲಿತ್ತು, ಗುದ್ದಲಿಯಿತ್ತು, ದಿನವೂ ನೀರಿತ್ತು. ಎಲೆ ಮಾತ್ರ ಬೀಳಲಿಲ್ಲ. ಚೀಲದಲ್ಲಿ ನಾನು ತಂದದ್ದು ಮಣ್ಣನ್ನು. ಮಣ್ಣಾಗುವ ಕೆಲಸ ಬೆಟ್ಟದಲ್ಲಿಯೇ ಉಳಿದಿತ್ತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ‘ಕಾಡುಮಣ್ಣು’ ಎಂಬ ಹೆಸರಿನಲ್ಲಿ ನಗರಗಳಲ್ಲಿ ಚೀಲಗಳು ಮಾರಾಟವಾಗುತ್ತವೆ. ಕಾಡಿನ ಮೇಲ್ಮಣ್ಣು ಅರಣ್ಯೋತ್ಪನ್ನವೆಂದು 1927ರ ಭಾರತೀಯ ಅರಣ್ಯ ಕಾಯಿದೆಯೇ ಹೇಳುತ್ತದೆ. ಅಪ್ಪಣೆಯಿಲ್ಲದೆ ಕೆರೆದು ತರುವಂತಿಲ್ಲ. ಇಳಿಜಾರಿನಲ್ಲಿ ಆ ಪದರ ಒಂದೆರಡು ಗೇಣಿನಷ್ಟೂ ಇರುವುದಿಲ್ಲ. ಅದನ್ನು ಕೆರೆದ ಕಡೆ ಮುಂದಿನ ಮಳೆಗೆ ಜಂಬಿಟ್ಟಿಗೆಯ ಬಂಡೆ ಮೇಲೆ ಕಾಣಿಸುತ್ತದೆ. ಹಾಗೆಂದು ಪೇಟೆಯವರನ್ನಷ್ಟೇ ದೂರುವುದು ನ್ಯಾಯವಲ್ಲ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟ ಪದ್ಧತಿಯಿದೆ. ಆ ಬೆಟ್ಟಗಳನ್ನು ಸವರಿ ಬೋಳು ಮಾಡಿದವರಲ್ಲಿ ನಮ್ಮ ಹಿರಿಯರೂ ಇದ್ದಾರೆ, ನಾವೂ ಇದ್ದೇವೆ.

ಇನ್ನು ಮೈಸೂರಿನ ಮಣ್ಣಿನ ವಿಷಯ. ಇಲ್ಲಿಯದು ಬಹುಮಟ್ಟಿಗೆ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಸವೆದು ಆದ ಕೆಂಪು ಮಣ್ಣು. ಮರಳಿನ ಅಂಶ ಹೆಚ್ಚು. ನೀರು ಬೇಗ ಇಳಿಯುತ್ತದೆ, ಸಾರವೂ ಅದರೊಂದಿಗೆ ಇಳಿಯುತ್ತದೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದೂ, 0.75 ದಾಟಿದರೆ ಉತ್ತಮವೆಂದೂ ಎಣಿಸುತ್ತೇವೆ. ಕೆಂಪು ಮಣ್ಣಿನಲ್ಲಿ ಮೊದಲು ಕೊರತೆ ಕಾಣುವುದು ಇಲ್ಲಿಯೇ.

ಹೊಸ ಬಡಾವಣೆಗಳಲ್ಲಿ ಇನ್ನೊಂದು ತೊಂದರೆ. ಬೋಗಾದಿ, ದಟ್ಟಗಳ್ಳಿಯ ಕಡೆ ಮನೆ ಕಟ್ಟುವಾಗ ಪಾಯಕ್ಕೂ ಸಂಪಿಗೂ ಅಗೆದ ತಳಮಣ್ಣನ್ನು ಸುತ್ತ ಹರಡುತ್ತಾರೆ. ಮೇಲ್ಮಣ್ಣು ಅಡಿಗೆ ಹೋಗುತ್ತದೆ, ಜೀವವಿಲ್ಲದ ಮಣ್ಣು ಮೇಲೆ ಬರುತ್ತದೆ. ಜೊತೆಗೆ ಸಿಮೆಂಟಿನ ಚೂರು, ಗಾರೆಯ ಪುಡಿ. ಇವು ಮಣ್ಣನ್ನು ಕ್ಷಾರದ ಕಡೆಗೆ ಎಳೆಯುತ್ತವೆ. ನಮ್ಮ ಮಲೆನಾಡಿನವರು ಇಲ್ಲಿಯೇ ಎಡವುವುದು. ಹುಳಿಮಣ್ಣಿಗೆ ಸುಣ್ಣ ಹಾಕುವ ಊರಿನ ರೂಢಿಯನ್ನು ಇಲ್ಲಿಯೂ ಮುಂದುವರಿಸುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮೀರಿದ ಮಳೆ ಸುಣ್ಣದ ಅಂಶವನ್ನು ತೊಳೆದೊಯ್ಯುತ್ತದೆ. ಮೈಸೂರಿನ ಸುಮಾರು 800 ಮಿ.ಮೀ. ಹಾಗೆ ತೊಳೆಯಲಾರದು. ಪರೀಕ್ಷೆ ಮಾಡಿಸದೆ ಇಲ್ಲಿ ಸುಣ್ಣ ಮುಟ್ಟಬೇಡಿ.

ಆದ್ದರಿಂದ ಮೊದಲ ಕೆಲಸ ಅಗೆದು ನೋಡುವುದು. ಒಂದು ಅಡಿ ಗುಂಡಿ ತೆಗೆದು ನೀರು ತುಂಬಿಸಿ. ಅರ್ಧ ದಿನವಾದರೂ ಇಂಗದಿದ್ದರೆ ಅಡಿಯಲ್ಲಿ ಯಂತ್ರಗಳು ತುಳಿದು ಗಟ್ಟಿ ಮಾಡಿದ ಪದರವಿದೆ ಎಂದು ತಿಳಿಯಿರಿ. ಅದನ್ನು ಒಮ್ಮೆ ಒಂದೂವರೆ ಅಡಿ ಆಳಕ್ಕೆ ಹಾರೆಯಿಂದ ಸಡಿಲಿಸಿ, ಗಾರೆ ಚೂರುಗಳನ್ನು ಆಯ್ದು ತೆಗೆಯಬೇಕು. ಮಣ್ಣು ಕೈಗೆ ಅಂಟುವಷ್ಟು ಒದ್ದೆಯಿದ್ದಾಗ ಈ ಕೆಲಸ ಬೇಡ. ಮುಷ್ಟಿಯಲ್ಲಿ ಹಿಡಿದ ಉಂಡೆ ಬೆರಳು ತಾಗಿಸಿದರೆ ಉದುರುವಂತಿರಬೇಕು. ಬಳಿಕ ಎರಡು ಮೂರು ಬೆರಳು ದಪ್ಪ ಕಳಿತ ಗೊಬ್ಬರ ಹರಡಿ, ಮೇಲಿನ ಅರ್ಧ ಅಡಿಯಲ್ಲಿ ಬೆರೆಸಿ. ಮುಂದಿನ ವರ್ಷಗಳಲ್ಲಿ ಅಗೆತ ಕಡಿಮೆಯಾದಷ್ಟೂ ಒಳ್ಳೆಯದು. ಎರೆಹುಳುವಿನ ದಾರಿಗಳನ್ನು ಗುದ್ದಲಿಯಿಂದ ಮುಚ್ಚುವುದೇಕೆ?

ಗೊಬ್ಬರ ಎಲ್ಲಿಂದ ತರುವುದು ಎಂದು ಕೇಳುತ್ತೀರಿ. ಜನವರಿಯಿಂದ ಮಾರ್ಚಿಯವರೆಗೆ ಈ ನಗರದ ಬೀದಿಗಳಲ್ಲಿ ನಡೆದು ನೋಡಿ. ಹೊಂಗೆ, ಮಳೆಮರ, ಮಹಾಗನಿಗಳ ಎಲೆ ರಾಶಿ ರಾಶಿಯಾಗಿ ಬಿದ್ದಿರುತ್ತದೆ. ಒಂದಷ್ಟನ್ನು ಮೂಲೆಗೆ ಗುಡಿಸಿ ಬೆಂಕಿ ಇಡುತ್ತಾರೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲೆನಿಸಿದ ಊರಿನಲ್ಲಿ ಹೊಗೆಯಾಗಿ ಹೋಗುವುದು, ನಾನು ಬಸ್ಸಿನಲ್ಲಿ ಹೊತ್ತು ತಂದೆನಲ್ಲ, ಅದೇ ಕಪ್ಪು. ಇದೇ ಮೈಸೂರಿನ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕ ಹಸಿಕಸವನ್ನು ಗೊಬ್ಬರ ಮಾಡಿ ತೋರಿಸಿದೆ. ಮನೆಯಲ್ಲಿಯೂ ಆಗುತ್ತದೆ. ಮೂರು ಪಾಲು ತರಗೆಲೆ, ಒಂದು ಪಾಲು ಅಡುಗೆಮನೆಯ ಹಸಿಕಸ, ಮೇಲೊಂದು ಹಿಡಿ ಹಳೆಯ ಗೊಬ್ಬರ ಅಥವಾ ಮಣ್ಣು. ಹಿಂಡಿದ ಬಟ್ಟೆಯಷ್ಟು ತೇವ. ಹದಿನೈದು ದಿನಕ್ಕೊಮ್ಮೆ ಮಗುಚಿದರೆ ನಾಲ್ಕು ತಿಂಗಳ ಸುಮಾರಿಗೆ ಮಳೆಯ ನಂತರದ ನೆಲದ ವಾಸನೆ ಬರುತ್ತದೆ. ಕೊಳೆತ ವಾಸನೆ ಬಂದರೆ ಎಲೆ ಸಾಲದು ಎಂದರ್ಥ.

ಒಂದು ಎಚ್ಚರಿಕೆ. ಹಸಿವು ತಾಳದೆ ಒಣ ಎಲೆಯನ್ನೇ ಮಣ್ಣಿನೊಳಗೆ ಹೂತರೆ ಗಿಡ ಹಳದಿಯಾಗುತ್ತದೆ. ಎಲೆಯನ್ನು ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎತ್ತಿಕೊಳ್ಳುತ್ತವೆ. ಒಣ ಎಲೆ ಮೇಲೆ ಹೊದಿಕೆಯಾಗಿರಲಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ದಪ್ಪ. ಮೇ ತಿಂಗಳ ಗುಡುಗು ಮಳೆಯ ದಪ್ಪ ಹನಿ ನೆಲಕ್ಕೆ ಅಪ್ಪಳಿಸದಂತೆ ಅದು ತಡೆಯುತ್ತದೆ. ಜೀವಾಮೃತದ ಬಗ್ಗೆ ಆಗಲೇ ಒಬ್ಬರು ಕೇಳಿದರು. ನಾನು ಅದನ್ನು ಹೀಗಳೆಯುವುದಿಲ್ಲ. ಆದರೆ ಎಲೆಯೇ ಇಲ್ಲದ ಮಣ್ಣಿಗೆ ಅದನ್ನು ಸುರಿಯುವುದು ಅಕ್ಕಿಯಿಲ್ಲದ ಮನೆಗೆ ನೆಂಟರನ್ನು ಕರೆದಂತೆ.

ಕೆರೆಗೋಡು ಹಾಕಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಹಳ್ಳಿಯ ಕೆರೆಯದಾದರೆ ಮರಳು ಮಣ್ಣಿಗೆ ಬಹಳ ಒಳ್ಳೆಯದು. ಚರಂಡಿಯೋ ಕಾರ್ಖಾನೆಯ ನೀರೋ ಸೇರಿದ ಕೆರೆಯ ಹೂಳಾದರೆ ತರಕಾರಿ ಪಾತಿಗೆ ಬೇಡ. ಅದರಲ್ಲಿ ಭಾರಲೋಹಗಳಿರುವ ಸಂಭವವಿದೆ.

ಮಣ್ಣು ಪರೀಕ್ಷೆಗೆ ನಂಜನಗೂಡಿನ ಬಳಿಯ ಸುತ್ತೂರು ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು. ಮಾದರಿಯನ್ನು ಐದಾರು ಕಡೆ ಅರ್ಧ ಅಡಿ ಆಳದಿಂದ ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕೆ.ಜಿ. ಕೊಡಿ. ಗೊಬ್ಬರದ ಖಾಲಿ ಚೀಲದಲ್ಲಿ ಮಾತ್ರ ಒಯ್ಯಬೇಡಿ, ಲೆಕ್ಕವೇ ತಪ್ಪುತ್ತದೆ. ನನ್ನ ಕೈಯಲ್ಲಿರುವ ಈ ಪೊಟ್ಟಣದಲ್ಲಿ ಇಲ್ಲಿಯದೇ ಹಿತ್ತಿಲೊಂದರ ಎಲೆಗೊಬ್ಬರವಿದೆ. ಒಬ್ಬೊಬ್ಬರೇ ಮುಟ್ಟಿ, ಮೂಸಿ ನೋಡಿ. ಅದು ಸುತ್ತಿ ಬರುವಷ್ಟರಲ್ಲಿ ನಿಮ್ಮ ಪ್ರಶ್ನೆಗಳನ್ನು ಕೇಳುತ್ತೇನೆ.